ಬಿಳಿಗಿರಿಯ ಪೋಡು, ಅಂಕೋಲೆಯ ಕೊಪ್ಪ

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದುಬಿತ್ತು. ಪಕ್ಕದಲ್ಲೇ ಹೊಸದೊಂದಿತ್ತು, ಹಾಗಾಗಿ ದೇವಬಾಗ, ಸದಾಶಿವಗಡದ ಕಡೆಯವರಿಗೆ ಕಾರವಾರದ ಆಸ್ಪತ್ರೆಯ ದಾರಿ ಪೂರ್ತಿ ತಪ್ಪಲಿಲ್ಲ. ಉತ್ತರ ಕನ್ನಡದ ಈ ಕರಾವಳಿಯಲ್ಲಿ ಆರೋಗ್ಯವೆಂದರೆ ಮೊದಲಿನಿಂದಲೂ ದಾರಿಯ ಲೆಕ್ಕವೇ. ಕಾರವಾರಕ್ಕೆ ಈಗ ಮೆಡಿಕಲ್ ಕಾಲೇಜು ಬಂದಿದೆ. ಆದರೂ ತಲೆಗೆ ಪೆಟ್ಟು ಬಿದ್ದರೆ, ಎದೆ ಕೈಕೊಟ್ಟರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಓಡಬೇಕು. ಇಲ್ಲವೇ ಗೋವೆಯ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೆ. ಅಲ್ಲೂ 2018ರಿಂದ ಹೊರರಾಜ್ಯದವರು ಶುಲ್ಕ ತೆರಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಮತ್ತೆ ಎದ್ದಿತು.

ನ್ಯಾಯವಾದ ಕೂಗು. ಆದರೆ ಅಂಥ ಆಸ್ಪತ್ರೆ ನಾಳೆಯೇ ಎದ್ದು ನಿಂತರೂ ಇದೇ ಕರಾವಳಿಯ ಅಂಕೋಲೆಯಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳ, ಅಂದರೆ ಅವರ ಕೇರಿಗಳ, ಪ್ರಶ್ನೆ ಹಾಗೇ ಉಳಿಯುತ್ತದೆ: ನಮ್ಮ ಆರೋಗ್ಯದ ಯೋಜನೆ ಬರೆಯುವಾಗ ನಮ್ಮನ್ನು ಯಾರು ಕೇಳಿದರು? ಕೇಳಿ ಮಾಡಿದ ಕೆಲಸ ಹೇಗಿರುತ್ತದೆ ಎಂದು ನೋಡಲು ರಾಜ್ಯದ ಇನ್ನೊಂದು ತುದಿಗೆ, ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು.

1980ರ ಸುಮಾರಿಗೆ ಡಾ. ಎಚ್. ಸುದರ್ಶನ್ ಅಲ್ಲಿಗೆ ಹೋದಾಗ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಅವರನ್ನು ಕಂಡರೆ ದೂರ ಸರಿಯುತ್ತಿದ್ದರಂತೆ. ಅದು ಸಹಜ. 1974ರಲ್ಲಿ ಕಾಡು ಅಭಯಾರಣ್ಯವಾಗಿ, ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ನಿಂತು, ಪೋಡುಗಳೇ, ಅಂದರೆ ಸೋಲಿಗರ ಹಾಡಿಗಳೇ, ಎತ್ತಂಗಡಿಯಾಗಿದ್ದ ಕಾಲ. ಪ್ಯಾಂಟು ತೊಟ್ಟು ಬಂದವರಿಂದ ಒಳ್ಳೆಯದಾದ ನೆನಪು ಅವರಿಗೆ ಇರಲಿಲ್ಲ. ಡಾಕ್ಟರು ಪೋಡಿನಿಂದ ಪೋಡಿಗೆ ಕಾಲ್ನಡಿಗೆಯಲ್ಲಿ ಅಲೆದರು. ಹಾವು ಕಚ್ಚಿದವರು, ಕರಡಿ ಪರಚಿದವರು ಬದುಕಿಕೊಂಡ ಮೇಲೆ ನಂಬಿಕೆ ಹುಟ್ಟಿತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು.

ನನಗೆ ಮುಖ್ಯವೆನಿಸುವುದು ಅದರ ಮುಂದಿನ ಹೆಜ್ಜೆ. ಸೋಲಿಗ ಹೆಂಗಸರು ಕುಕ್ಕುರುಗಾಲಿನಲ್ಲಿ ಕೂತು ಹೆರುತ್ತಿದ್ದರು. ಅದನ್ನು ಅನಾಗರಿಕವೆಂದು ತಿದ್ದಲು ಹೋಗದೆ, ಕೇಂದ್ರದ ಆಸ್ಪತ್ರೆಯೇ ಆ ಪದ್ಧತಿಯನ್ನು ಒಪ್ಪಿಕೊಂಡಿತು. ಸೋಲಿಗರ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾದರು. ಪೋಡುಗಳಲ್ಲಿ ಸಂಘಗಳು ಕಟ್ಟಿಕೊಂಡವು. ಅವು ಔಷಧಿ ಬೇಕು ಎಂದಷ್ಟೇ ಹೇಳಲಿಲ್ಲ, ಕಾಡು ಬೇಕು ಎಂದೂ ಹೇಳಿದವು. ಗೆಡ್ಡೆ, ಸೊಪ್ಪು, ಜೇನು ತಿನ್ನುತ್ತಿದ್ದವರ ತಟ್ಟೆಯಲ್ಲಿ ಪಡಿತರದ ಅಕ್ಕಿ ಮಾತ್ರ ಉಳಿದರೆ ಯಾವ ಟಾನಿಕ್ಕು ತಾನೆ ಏನು ಮಾಡೀತು? 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಇದನ್ನು ಆರೋಗ್ಯ ಇಲಾಖೆಯ ಸಾಧನೆ ಎಂದು ಯಾರೂ ಬರೆದುಕೊಳ್ಳಲಿಲ್ಲ. ನನ್ನ ಪ್ರಕಾರ ಬರೆದುಕೊಳ್ಳಬಹುದಿತ್ತು.

ಸಿಕಲ್ ಸೆಲ್ ರಕ್ತಹೀನತೆಯ ಕಥೆಯೂ ಇಲ್ಲೇ ಹೇಳಬೇಕಾದ್ದು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಬೆನ್ನು ಹಿಂಡುವ ನೋವು ಕೊಡುವ ವಂಶವಾಹಿ ಕಾಯಿಲೆ. ಸೋಲಿಗರಲ್ಲಿ ಇದಿದೆ ಎಂದು ಗೊತ್ತಾದದ್ದು ಬೆಟ್ಟದಲ್ಲೇ ಕೂತು ನೋಡಿದ ವೈದ್ಯರಿಂದ. ಮೊದಲ ತಪಾಸಣೆ ಸರಳ: ಒಂದು ಹನಿ ರಕ್ತವನ್ನು ಕೊಳವೆಯ ದ್ರಾವಣಕ್ಕೆ ಬಿಟ್ಟು, ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಸರಿ, ದ್ರಾವಣ ಕದಡಿ ಗೆರೆ ಮರೆಯಾದರೆ ಮುಂದಿನ ಪರೀಕ್ಷೆ. ಕಷ್ಟವಿರುವುದು ಆಮೇಲೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದನ್ನು ಹೇಳುವುದೆಂದರೆ ಕುಲ ನೋಡಿ ಕೂಡಿಸುವ ಮದುವೆಗೆ ಕೈಹಾಕಿದಂತೆ; ಕುಲದ ಹಿರಿಯರು ಜೊತೆಗಿಲ್ಲದೆ ಹೊರಗಿನವರು ಹೇಳಿದರೆ ನಡೆಯುವ ಮಾತಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ 2047ರೊಳಗೆ ಈ ಕಾಯಿಲೆ ತೊಲಗಿಸುವ ಅಭಿಯಾನ ಆರಂಭಿಸಿ, 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟಿತು. ತಪಾಸಣೆ ಆದೀತು. ಮದುವೆಯ ಮಾತು ಯಾರು ಆಡುತ್ತಾರೆ ಎನ್ನುವುದು ಆಯಾ ಊರಿನಲ್ಲೇ ತೀರ್ಮಾನವಾಗಬೇಕು.

ಈಗ ಅಂಕೋಲೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಹಾಲಕ್ಕಿಗಳು ಇಂದಿಗೂ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲೇ ಇದ್ದಾರೆ. ಬುಡಕಟ್ಟುಗಳಿಗೆಂದು ಬರುವ ಪೌಷ್ಟಿಕ ಆಹಾರದ ಮೊಟ್ಟೆ, ಬೇಳೆ, ಎಣ್ಣೆ ಸಿದ್ದಿಗಳ ಮನೆಗೆ ಬರುತ್ತದೆ, ಹಾಲಕ್ಕಿಗಳ ಮನೆಗೆ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದವರ ಕಾಯಿಲೆಯನ್ನು ಪ್ರತ್ಯೇಕವಾಗಿ ಎಣಿಸುವವರೂ ಇರುವುದಿಲ್ಲ. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಪಂಗಡದ ಬೇಡಿಕೆಯನ್ನು ವೇದಿಕೆ ಸಿಕ್ಕಲ್ಲೆಲ್ಲ ಇಟ್ಟರು. 2017ರಲ್ಲಿ ಪದ್ಮಶ್ರೀ ಬಂತು, ಪಟ್ಟಿ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಹಾಡಿನಷ್ಟೇ ದೊಡ್ಡದು ಅವರು ಊರಿನಲ್ಲಿ ಸಾರಾಯಿ ವಿರುದ್ಧ ಹೂಡಿದ ಹೋರಾಟ. ಹೊರಗಿನ ಯಾವ ಯೋಜನೆಯೂ ಇಲ್ಲದೆ ಕೊಪ್ಪದೊಳಗಿಂದಲೇ ಎದ್ದ ಆರೋಗ್ಯ ಕಾರ್ಯಕ್ರಮವೆಂದರೆ ಅದೇ.

ಬಿಳಿಗಿರಿಯಲ್ಲಿ ಸಂಘಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಹಾಲಕ್ಕಿಗಳಲ್ಲಿ ಸೀಮೆಯ ವ್ಯವಸ್ಥೆ ಮೊದಲೇ ಇದೆ: ಊರಿಗೊಬ್ಬ ಗೌಡ, ಸಲಹೆಗೆ ಬುಧವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಗುಡ್ಡಗಾಡಿನಲ್ಲಿ 3000 ಜನಕ್ಕೊಂದು ಆರೋಗ್ಯ ಉಪಕೇಂದ್ರ ಎಂಬ ಮಾನದಂಡಕ್ಕೆ ಪಂಗಡದ ಮುದ್ರೆ ಕಡ್ಡಾಯವಲ್ಲ. ಗ್ರಾಮ ಆರೋಗ್ಯ ಸಮಿತಿಯಲ್ಲಿ ಬುಧವಂತನಿಗೊಂದು ಕುರ್ಚಿ ಹಾಕಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಒಂದೇ ತೊಡಕು, ಈ ಮೂವರೂ ಗಂಡಸರೇ. ಬಡಿಗೇರಿಯಲ್ಲಿ ಸಾರಾಯಿ ವಿರುದ್ಧ ಎದ್ದವರು ಹೆಂಗಸರು. ಹಾಗಾಗಿ ಕುರ್ಚಿ ಕನಿಷ್ಠ ಎರಡು ಬೇಕು.