ಸೆರಗು ಸರಿಸಿದ ಮೈಸೂರು ರಾಣಿ

ಮೂವರು ಹೆಂಗಸರ ತೈಲಚಿತ್ರ. ಮೈತುಂಬ ಚಿನ್ನ. ಬಲಬದಿಯ ಹುಡುಗಿ ಸೆರಗಿನ ಅಂಚು ಹಿಡಿದು ಸರಿಸಿ ಎಡ ರಟ್ಟೆ ತೋರಿಸುತ್ತಿದ್ದಾಳೆ. ಬಹುಕಾಲ ಇವರನ್ನು ನರ್ತಕಿಯರೆಂದೇ ನಂಬಲಾಗಿತ್ತು. ಇವರು ಮೈಸೂರು ಅರಮನೆಯವರು, ಆ ರಟ್ಟೆಯೇ ಚಿತ್ರದ ತಿರುಳು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು.

ಬರೆದವನು ಥಾಮಸ್ ಹಿಕಿ. 1741ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಚೀನಾಕ್ಕೆ ಹೋದ ಬ್ರಿಟಿಷ್ ನಿಯೋಗದ ಜೊತೆಗೂ ತಿರುಗಿ, 1824ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ ಕಲಾವಿದ. ಟಿಪ್ಪುವಿನ ಮಕ್ಕಳ ಮುಖಗಳನ್ನೂ ದಿವಾನ್ ಪೂರ್ಣಯ್ಯನವರನ್ನೂ ಚಿತ್ರಿಸಿದವನು ಇವನೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಕುಂದಾಪುರ, ಬಾರ್ಕೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೆನರಾಕ್ಕೆ ಸೇರಿತು. ಮೈಸೂರಿನ ಗದ್ದುಗೆಗೆ ಐದೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. ಚಾನ್ಸೆಲರ್ ಪ್ರಕಾರ, ಸುಮಾರು 1805ರ ಈ ಚಿತ್ರದ ಎಡಬಲದಲ್ಲಿರುವವರು ಒಡೆಯರ ರಾಣಿಯರು; ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವಿನವರು ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿ.

ಎಡಬದಿಯ ರಾಣಿಯ ಮೂಗು, ಬಾಯಿಯ ಸುತ್ತ ಚರ್ಮ ಬಣ್ಣಗೆಟ್ಟಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಎಂಬುದು ಚಾನ್ಸೆಲರ್ ಅವರ ಊಹೆ. ಬಲಬದಿಯ ರಾಣಿಯದು ಹೊಸ ದಾರಿ: ರಟ್ಟೆಗೆ ದಾಕು, ಅಂದರೆ ಸಿಡುಬಿನ ಲಸಿಕೆ.

ವೈದ್ಯ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಆ ದಾಕು ಮುಂಬಯಿಗೆ ಬಂದದ್ದು 1802ರಲ್ಲಿ. ಜೂನ್ 14ರಂದು ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಅದು ಹಿಡಿಯಿತು. ಶೀತಲ ಪೆಟ್ಟಿಗೆ ಇಲ್ಲದ ಕಾಲ. ಒಬ್ಬರ ತೋಳಿನ ಬೊಕ್ಕೆಯ ರಸವನ್ನು ಇನ್ನೊಬ್ಬರ ತೋಳಿಗೆ ಗೀರಿಯೇ ಹೆಚ್ಚಾಗಿ ಊರಿಂದೂರಿಗೆ ಸಾಗಿಸಬೇಕಿತ್ತು. ಯಾರ ಮೈಯಿಂದ ಯಾರ ಮೈಗೆ ಎಂಬ ಜಾತಿಯ ಅಳುಕು, ದನದ ಸಿಡುಬಿನಿಂದ ಬಂದದ್ದೆಂಬ ಹೇಸಿಗೆ, ಸಿಡುಬಿನ ದೇವಿ ಅಮ್ಮ ಮುನಿದಾಳೆಂಬ ಭಯ, ಎಲ್ಲವೂ ಅಡ್ಡ ನಿಂತವು.

ಇಂಥ ಹೊತ್ತಿನಲ್ಲಿ ಅಂತಃಪುರದ ಹೆಂಗಸರು ಪರದೇಶಿ ಗಂಡಸಿನೆದುರು ಕೂತು, ತೋಳು ಬಿಟ್ಟು ಚಿತ್ರ ಬರೆಸಿಕೊಳ್ಳುವುದು ಸಣ್ಣ ಮಾತಲ್ಲ. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಒಪ್ಪಿಗೆ ಇಲ್ಲದೆ ಅದು ಆಗುತ್ತಿರಲಿಲ್ಲ. ಕಿರಿಯ ರಾಣಿ ದಾಕು ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂದು 1806ರ ಜುಲೈ ದಾಖಲೆಯೊಂದು ಹೇಳುತ್ತದೆ. ಕಂಪನಿಗೂ ಇದರಲ್ಲಿ ಲಾಭವಿತ್ತು, ನಿಜ. ಆದರೆ ಪ್ರಚಾರಕ್ಕೆ ಮೈ ಒಡ್ಡಿದವರು ನಮ್ಮ ಹೆಣ್ಣುಮಕ್ಕಳು.

ಖಾಸಗಿ ಸಂಗ್ರಹದಲ್ಲಿದ್ದ ಚಿತ್ರ 2007ರಲ್ಲಿ ಸೋದಬೀಸ್ ಹರಾಜಿಗೆ ಬಂದಿತ್ತು. ಮೂಲಚಿತ್ರ ನಮಗೆ ದಕ್ಕದಿದ್ದರೂ ಅದರ ಪ್ರತಿಗೆ ಹೆಚ್ಚು ಖರ್ಚಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೋಣೆಯ ಗೋಡೆಗೆ ಒಂದೊಂದು ಪ್ರತಿ ತೂಗುಹಾಕಲಿ. ಆ ರಾಣಿ ತೋಳು ತೋರಿಸಿದ್ದು ಅಲ್ಲಿಗೆ ಮಗುವನ್ನು ಎತ್ತಿ ತರುವಂಥ ತಾಯಂದಿರಿಗಾಗಿಯೇ.