ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕ

ನಮ್ಮ ಇತಿಹಾಸ ಪುಸ್ತಕದಲ್ಲಿ ಮೊದಲನೇ ಮಹಾಯುದ್ಧವೆಂದರೆ ಹೆಚ್ಚಾಗಿ ಯುರೋಪಿನ ದೇಶಗಳ ಜಗಳ. ಆ ಯುದ್ಧಕ್ಕೆ ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರೂ ಹೋಗಿದ್ದರು. ಮರಳಿ ಬಾರದವರ ಹೆಸರುಗಳು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದಲ್ಲಿವೆ. ಅದರ ಪಕ್ಕದಲ್ಲೇ ದಿನವೂ ಓಡಾಡುವವರಿಗೂ ಅದೇನೆಂದು ತಿಳಿದಿರುವುದು ಕಡಿಮೆ. ಆದ್ದರಿಂದಲೇ ಈ ಲೇಖನ.

ಲ್ಯಾನ್ಸರ್ ಎಂದರೆ ಈಟಿ ಹಿಡಿದ ಅಶ್ವಾರೋಹಿ. ಬ್ರಿಟಿಷರ ಕಾಲದಲ್ಲಿ ಸಂಸ್ಥಾನಗಳು ಇಂತಹ ಪಡೆಗಳನ್ನು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದಾಗ ಸಾಮ್ರಾಜ್ಯದ ಸೇವೆಗೆ ಕಳುಹಿಸುತ್ತಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1914ರಲ್ಲಿ, ಮೈಸೂರಿನ ಪಡೆ ಕುದುರೆಗಳ ಸಮೇತ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಮೊದಲು ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ತೀನ್.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ ನಡೆಯಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಜೌಗು ನೆಲ. ನಡುವಿನ ಇಕ್ಕಟ್ಟಾದ ದಾರಿಗೆ ಮೆಷಿನ್‌ಗನ್‌ಗಳ ಕಾವಲು. ಮೈಸೂರಿನ ಸವಾರರು ಬೆಟ್ಟದ ಕಡಿದಾದ ಇಳಿಜಾರು ಹತ್ತಿ ಅಲ್ಲಿನ ತೋಪುಗಳ ಮೇಲೆ ಬಿದ್ದರು. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈವಶವಾಯಿತು. ಸೆರೆಸಿಕ್ಕವರು ಸುಮಾರು 1350 ಮಂದಿ. ಕುದುರೆಯ ಮೇಲೆ ಕುಳಿತು ಮೆಷಿನ್‌ಗನ್ ಎದುರಿಸಿದ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಎದುರಿಗಿದ್ದದ್ದು ತುರ್ಕಿ ಸೈನ್ಯ. ಅದರ ಸುಲ್ತಾನರನ್ನು ಆಗ ನಮ್ಮ ದೇಶದ ಅನೇಕ ಮುಸ್ಲಿಮರು ಖಲೀಫರೆಂದು ಗೌರವಿಸುತ್ತಿದ್ದರು. ಲ್ಯಾನ್ಸರ್ಸ್ ಪಡೆಯಲ್ಲಿ ಹಿಂದೂಗಳ ಜೊತೆ ಮುಸ್ಲಿಮರೂ ಇದ್ದರು. ಅವರ ಮನಸ್ಸಿನಲ್ಲಿ ಏನು ನಡೆದಿರಬಹುದೆಂದು ಊಹಿಸಲು ನನಗೆ ಕಷ್ಟವಾಗುತ್ತದೆ. ಉಪ್ಪು ತಿಂದ ಋಣ, ಮಾಡಿದ ಪ್ರಮಾಣ, ಮನೆಗೆ ಕಳುಹಿಸಬೇಕಾದ ಸಂಬಳ ಎಲ್ಲವೂ ಒಂದೇ ತಕ್ಕಡಿಯಲ್ಲಿದ್ದವು. ಯುದ್ಧವಂತೂ ನಮ್ಮದಾಗಿರಲಿಲ್ಲ. ಹಾಗೆಂದು ಸತ್ತವರನ್ನು ಮರೆಯಬೇಕೆ? ನನಗೆ ಹಾಗನ್ನಿಸುವುದಿಲ್ಲ. ಸಾಮ್ರಾಜ್ಯವನ್ನು ಒಪ್ಪದೆಯೂ ಸವಾರನ ಹೆಸರನ್ನು ಓದಬಹುದು.

ಆಗ ಸೈನಿಕರನ್ನು ಮಡಿದ ನಾಡಿನಲ್ಲೇ ಮಣ್ಣು ಮಾಡುತ್ತಿದ್ದರು ಅಥವಾ ದಹಿಸುತ್ತಿದ್ದರು. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವೊಂದು ಇಂದಿಗೂ ಇದೆ. ಝಿಯಾರತ್ ಮಾಡಲು ಕಬರ್ ಇಲ್ಲದ, ವಿಸರ್ಜಿಸಲು ಬೂದಿಯೂ ಸಿಗದ ಮನೆಗಳವರಿಗೆ ಊರಿನಲ್ಲಿ ಉಳಿದದ್ದು ಕಲ್ಲಿನ ಮೇಲಿನ ಹೆಸರು ಮಾತ್ರ. ಕಲ್ಲು ನಿಲ್ಲಿಸುವ ಪದ್ಧತಿಯೂ ನಮಗೆ ಹೊಸದಲ್ಲ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವ ಬೇಗೂರಿನ ಶಾಸನವೂ ಕಾಳಗದಲ್ಲಿ ಮಡಿದವನ ನೆನಪಿನದ್ದೇ.

ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಉಳಿದೆರಡು ಹೈದರಾಬಾದ್ ಮತ್ತು ಜೋಧಪುರದವು. ಅಲ್ಲಿಗೆ ಪ್ರವಾಸ ಹೋದಾಗ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಜೆ.ಸಿ. ನಗರಕ್ಕೆ ಬಿ.ಎಂ.ಟಿ.ಸಿ. ಬಸ್ ಸಾಕು.