ಸ್ಲೇ ಹೆಡ್ ದಾರಿಯ ಬಸ್ಸು, ಡೂನ್ ಖೀನಿನ ಶಾಲೆ

ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಯಲ್ಲಿ ಕಿಲಾರ್ನಿ ಎಂಬ ಪಟ್ಟಣವಿದೆ. ಬೇಸಗೆಯ ತಿಂಗಳುಗಳಲ್ಲಿ ಅಲ್ಲಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಪ್ರವಾಸಿ ಬಸ್ಸುಗಳು ಹಲವು. ಅವುಗಳಲ್ಲಿ ಕೆಲವು ಸುಮಾರು 65 ಕಿಲೋಮೀಟರ್ ದೂರದ ಡಿಂಗಲ್ ಪಟ್ಟಣವನ್ನು ಸೇರಿ, ಅಟ್ಲಾಂಟಿಕ್ ಸಾಗರಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಪರ್ಯಾಯದ್ವೀಪದ ತುದಿಯನ್ನು ಸುತ್ತಿಕೊಂಡು ಬರುತ್ತವೆ. ಸಾಮಾನ್ಯವಾಗಿ ಬಸ್ಸಿನ ಚಾಲಕನೇ ಮಾರ್ಗದರ್ಶಿಯೂ ಆಗಿರುತ್ತಾನೆ. ಕಣ್ಣು ರಸ್ತೆಯ ಮೇಲೆ, ಬಾಯಿ ಮೈಕಿನ ಮುಂದೆ. ಊರಿನ ಇತಿಹಾಸ, ಹವೆಯ ಮುನ್ಸೂಚನೆ, ಮುಂದಿನ ನಿಲುಗಡೆಯಲ್ಲಿ ಎಷ್ಟು ನಿಮಿಷ ಎಂಬ ಲೆಕ್ಕ, ನಡುನಡುವೆ ಒಂದಿಷ್ಟು ತಮಾಷೆ, ಎಲ್ಲವೂ ಅವನ ಬಾಯಿಂದಲೇ ಬರಬೇಕು.

ಹೊರನೋಟಕ್ಕೆ ಇದು ಕಡಲು ಮತ್ತು ಬಂಡೆಗಳ ಪ್ರವಾಸ. ಆದರೆ ಆ ಒಂದು ದಿನದ ದಾರಿಯಲ್ಲಿಯೇ ಒಂದು ಭಾಷೆಯ ಕಷ್ಟಸುಖಗಳ ಕಥೆಯೂ ಇದೆ. ಮಕ್ಕಳನ್ನು ಮಾತೃಭಾಷೆಯ ಶಾಲೆಗೆ ಕಳುಹಿಸುತ್ತಿರುವ ತಂದೆತಾಯಿಗಳು ಆ ಬಸ್ಸಿನ ಕಿಟಕಿಯಿಂದ ಹೊರನೋಡಿದರೆ ಕಾಣಬಹುದಾದದ್ದು ಬಹಳವಿದೆ.

ಎಡಬದಿಯ ಕಿಟಕಿ

ಬಸ್ಸು ಮೊದಲು ನಿಲ್ಲುವುದು ಇಂಚ್ ಎಂಬ ಕಡಲತೀರದಲ್ಲಿ. ಸಮುದ್ರದೊಳಕ್ಕೆ ನೇರವಾಗಿ ಚಾಚಿಕೊಂಡಿರುವ ಸುಮಾರು 5 ಕಿಲೋಮೀಟರ್ ಉದ್ದದ ಮರಳಿನ ದಂಡೆ ಅದು. ಬೇಸಗೆಯಲ್ಲಿಯೂ ಗಾಳಿ ತಣ್ಣಗೆ ಮುಖಕ್ಕೆ ಬಡಿಯುತ್ತದೆ. ಹತ್ತು ನಿಮಿಷದಲ್ಲಿ ಮಳೆ, ಮರು ಹತ್ತು ನಿಮಿಷದಲ್ಲಿ ಬಿಸಿಲು. ಮುಂದಿನ ಊರು ಅನ್ನಸ್ಕಾಲ್. ಅಲ್ಲಿ ‘ಸೌತ್ ಪೋಲ್ ಇನ್’ ಎಂಬ ಪಾನಗೃಹವೊಂದಿದೆ. ಇದೇ ಊರಿನ ಬಳಿ 1877ರಲ್ಲಿ ಹುಟ್ಟಿದ ಟಾಮ್ ಕ್ರೀನ್ ಎಂಬ ನಾವಿಕ ಸ್ಕಾಟ್ ಮತ್ತು ಶಾಕಲ್ಟನ್ ಇವರೊಡನೆ ಮೂರು ಬಾರಿ ದಕ್ಷಿಣ ಧ್ರುವ ಪ್ರದೇಶಕ್ಕೆ ಹೋಗಿ, ಜೀವಸಹಿತ ಹಿಂದಿರುಗಿ, ಊರಿನಲ್ಲಿ ಈ ಪಾನಗೃಹವನ್ನು ನಡೆಸುತ್ತ ಉಳಿದ ಆಯುಷ್ಯವನ್ನು ಕಳೆದನು.

ಡಿಂಗಲ್ ಪಟ್ಟಣದಿಂದ ಆರಂಭವಾಗಿ ಅಲ್ಲಿಯೇ ಮುಗಿಯುವ ಸ್ಲೇ ಹೆಡ್ ಮಾರ್ಗ ಸುಮಾರು 47 ಕಿಲೋಮೀಟರ್ ಉದ್ದದ ವರ್ತುಲ. ರಸ್ತೆ ಎಷ್ಟು ಕಿರಿದೆಂದರೆ ಎರಡು ದೊಡ್ಡ ಬಸ್ಸುಗಳು ಎದುರುಬದುರಾದರೆ ದಾರಿ ಬಿಡುವುದೇ ಕಷ್ಟ. ಆದಕಾರಣ ಬಸ್ಸುಗಳೆಲ್ಲ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿಯೇ ಸಾಗುವ ರೂಢಿಯಿದೆ. ಐರ್ಲೆಂಡಿನಲ್ಲಿಯೂ ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ, ಎಡಬದಿಯ ಆಸನದಲ್ಲಿ ಕುಳಿತವರಿಗೆ ಕಿಟಕಿಯ ಕೆಳಗೇ ಸಮುದ್ರ. ಪಟ್ಟಣದ ಉತ್ತರಕ್ಕಿರುವ ಕಾನರ್ ಪಾಸ್ ಎಂಬ ಘಟ್ಟದ ರಸ್ತೆಯಲ್ಲಿಯಂತೂ ಇಂತಹ ಬಸ್ಸುಗಳಿಗೆ ಪ್ರವೇಶವೇ ನಿಷಿದ್ಧ.

ಹೆಸರಿನ ಜಗಳ

ಡಿಂಗಲ್ ಸಮೀಪಿಸುತ್ತಿದ್ದಂತೆ ರಸ್ತೆಯ ಫಲಕಗಳು ಬದಲಾಗುತ್ತವೆ. ದೇಶದ ಇತರ ಕಡೆಗಳಲ್ಲಿ ಊರಿನ ಹೆಸರು ಐರಿಷ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರುತ್ತದೆ. ಇಲ್ಲಿ ಐರಿಷ್ ಮಾತ್ರ. ಏಕೆಂದರೆ ಇದು ‘ಗೇಲ್‌ತಖ್ತ್’, ಅಂದರೆ ಐರಿಷ್ ಭಾಷೆ ಜನರ ಬದುಕಿನ ಭಾಷೆಯಾಗಿರುವ ಪ್ರದೇಶವೆಂದು ಸರಕಾರ ಗುರುತಿಸಿದ ಸೀಮೆ.

ಈ ಫಲಕಗಳ ಹಿಂದೆ ದೊಡ್ಡದೊಂದು ವ್ಯಾಜ್ಯವಿದೆ. 2003ರ ಅಧಿಕೃತ ಭಾಷೆಗಳ ಕಾಯಿದೆಯ ಅಡಿಯಲ್ಲಿ ಹೊರಡಿಸಿದ ಸ್ಥಳನಾಮಗಳ ಆಜ್ಞೆ 2005ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂತು. ಅದರಂತೆ ಗೇಲ್‌ತಖ್ತ್ ಊರುಗಳ ಇಂಗ್ಲಿಷ್ ಹೆಸರುಗಳು ಕಾನೂನಿನ ಬಲವನ್ನು ಕಳೆದುಕೊಂಡವು. ರಸ್ತೆಯ ಫಲಕಗಳಿಂದಲೂ ಸರಕಾರಿ ನಕ್ಷೆಗಳಿಂದಲೂ ‘ಡಿಂಗಲ್’ ಮಾಯವಾಗಿ ‘ಅನ್ ಡ್ಯಾಂಗನ್’ ಎಂಬುದೊಂದೇ ಉಳಿಯಿತು. ಪ್ರವಾಸಿಗರನ್ನೇ ನಂಬಿದ ಊರಿನವರು ಇದನ್ನು ಒಪ್ಪಲಿಲ್ಲ. ಜಗತ್ತಿಗೆ ಪರಿಚಿತವಾದ ಹೆಸರು ಫಲಕದಲ್ಲಿ ಇಲ್ಲದಿದ್ದರೆ ಬಂದವರು ದಾರಿ ತಪ್ಪುತ್ತಾರೆ ಎಂಬುದು ಒಂದು ವಾದ. ಅದಲ್ಲದೆ, ಐರಿಷ್ ಮಾತನಾಡುವ ಹಿರಿಯರು ತಮ್ಮ ಊರನ್ನು ಕರೆಯುತ್ತಿದ್ದ ಪೂರ್ಣ ಹೆಸರು ‘ಡ್ಯಾಂಗನ್ ಈ ಖೂಶ್’ ಎಂಬುದಾಗಿತ್ತು. ಆಜ್ಞೆಯಲ್ಲಿದ್ದ ಮೊಟಕು ಹೆಸರು ಅವರಿಗೂ ರುಚಿಸಲಿಲ್ಲ. 2006ರಲ್ಲಿ ನಡೆದ ಮತಗಣನೆಯಲ್ಲಿ ಊರಿನವರು ಬಹುದೊಡ್ಡ ಬಹುಮತದಿಂದ ಎರಡೂ ಭಾಷೆಯ ಹೆಸರನ್ನು ಬಯಸಿದರು. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಸರಕಾರ ಹೇಳಿತು. ಕೊನೆಗೆ 2011ರಲ್ಲಿ ಸಂಸತ್ತೇ ಕಾನೂನನ್ನು ತಿದ್ದಿ, ಇಂಗ್ಲಿಷಿನಲ್ಲಿ ‘ಡಿಂಗಲ್’ ಎಂದೂ ಐರಿಷಿನಲ್ಲಿ ‘ಡ್ಯಾಂಗನ್ ಈ ಖೂಶ್’ ಎಂದೂ ಹೆಸರನ್ನು ಸ್ಥಿರಪಡಿಸಿತು.

ಭಾಷೆಯನ್ನು ರಕ್ಷಿಸಲು ಹೊರಟ ಕಾನೂನು, ಆ ಭಾಷೆಯ ಸೀಮೆಯಲ್ಲಿ ವಾಸಿಸುವ ಜನರನ್ನು ಕೇಳದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಡಿಂಗಲ್ ಒಳ್ಳೆಯ ನಿದರ್ಶನ. ಆ ಜಗಳ ಮುಗಿಯಲು ಆರು ವರ್ಷಗಳು ಬೇಕಾದವು.

ಎದುರಿಗಿರುವ ದ್ವೀಪ

ಡಿಂಗಲ್ ದಾಟಿದ ಮೇಲೆ ವೆಂಟ್ರಿ ಕೊಲ್ಲಿ, ಅನಂತರ ಬೆಟ್ಟದ ಅಂಚನ್ನು ಕೊರೆದು ಮಾಡಿದ ರಸ್ತೆ. ಒಂದೆಡೆ ಬೆಟ್ಟದಿಂದ ಇಳಿಯುವ ತೊರೆ ರಸ್ತೆಯ ಮೇಲೆಯೇ ಹರಿದು ಹೋಗುತ್ತದೆ. ವಾಹನಗಳು ನೀರನ್ನು ಹಾಯ್ದು ಮುಂದೆ ಹೋಗಬೇಕು. ಬಲಗಡೆಯ ಇಳಿಜಾರಿನಲ್ಲಿ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲುಗಳು. ಸುಣ್ಣ, ಗಾರೆ ಯಾವುದೂ ಇಲ್ಲದೆ, ಒಂದರ ಮೇಲೊಂದು ಕಲ್ಲನ್ನು ಒಳಕ್ಕೆ ಸರಿಸುತ್ತ ಹೋಗಿ ಮೇಲೆ ಕೂಡಿಸಿದ ಕಟ್ಟಡಗಳಿವು. ಸ್ಲೇ ಹೆಡ್ ತಿರುವಿನಲ್ಲಿ ರಸ್ತೆಯ ಬದಿಗೆ ಬಿಳಿಯ ಶಿಲುಬೆಯೊಂದು ನಿಂತಿದೆ. ಅಲ್ಲಿ ಬಸ್ಸು ತಿರುಗಿದೊಡನೆ, ಮಂಜು ಮುಸುಕಿರದಿದ್ದರೆ, ಬ್ಲಾಸ್ಕೆಟ್ ದ್ವೀಪಸಮೂಹ ಕಣ್ಣಿಗೆ ಬೀಳುತ್ತದೆ.

ಅವುಗಳಲ್ಲಿ ದೊಡ್ಡದಾದ ಗ್ರೇಟ್ ಬ್ಲಾಸ್ಕೆಟ್ ದಡದಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿದೆ. ಇಂದು ಅಲ್ಲಿ ಪಾಳುಬಿದ್ದ ಗೋಡೆಗಳು ಮತ್ತು ಕುರಿಗಳು. 1916ರಲ್ಲಿ ಅಲ್ಲಿ 176 ಮಂದಿ ವಾಸವಾಗಿದ್ದರು. ಮೀನು ಹಿಡಿಯುವುದು, ಕುರಿ ಸಾಕುವುದು, ಆಲೂಗಡ್ಡೆ ಬೆಳೆಯುವುದು ಅವರ ಜೀವನೋಪಾಯ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಡಾಂಬರು ಬಳಿದ ಹಗುರವಾದ ದೋಣಿಗಳಲ್ಲಿ ಅವರ ಓಡಾಟ. ಯುವಕರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ವಲಸೆ ಹೋದರು. 1941ರಲ್ಲಿ ದ್ವೀಪದ ಶಾಲೆ ಮುಚ್ಚಿತು. 1946ರ ಕೊನೆಯಲ್ಲಿ ಯುವಕನೊಬ್ಬ ಮಿದುಳಿನ ಪೊರೆಯ ಉರಿಯೂತದಿಂದ ಹಾಸಿಗೆ ಹಿಡಿದಾಗ, ಬಿರುಗಾಳಿಯಿಂದಾಗಿ ವೈದ್ಯರು ದ್ವೀಪಕ್ಕೆ ಬರಲಾಗದೆ ಅವನು ತೀರಿಕೊಂಡನು. 1953ರ ನವೆಂಬರಿನಲ್ಲಿ, ಉಳಿದಿದ್ದ 22 ಮಂದಿಯ ಪೈಕಿ ಹೆಚ್ಚಿನವರನ್ನು ಸರಕಾರ ದಡಕ್ಕೆ ಕರೆತಂದಿತು. ಶಾಲೆ ಮುಚ್ಚಿದ ಹನ್ನೆರಡು ವರ್ಷಗಳಲ್ಲಿ ಊರೇ ಮುಚ್ಚಿತು.

ಇಷ್ಟು ಸಣ್ಣ ದ್ವೀಪ ಐರಿಷ್ ಸಾಹಿತ್ಯಕ್ಕೆ ಕೊಟ್ಟ ಕೃತಿಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮೀನುಗಾರ ತೊಮಾಸ್ ಓ ಕ್ರೋಹನ್ ಅವರ ಆತ್ಮಕಥೆ 1929ರಲ್ಲಿ, ಮಾರಿಸ್ ಓ ಸಲಿವನ್ ಅವರದು 1933ರಲ್ಲಿ, ಪೆಗ್ ಸೇಯರ್ಸ್ ಎಂಬ ಗೃಹಿಣಿ ಮಗನಿಗೆ ಹೇಳಿ ಬರೆಸಿದ ಜೀವನಕಥೆ 1936ರಲ್ಲಿ ಪ್ರಕಟವಾದವು. ಪೆಗ್ ಅವರ ಪುಸ್ತಕವಂತೂ ದಶಕಗಳ ಕಾಲ ಐರಿಷ್ ವಿದ್ಯಾರ್ಥಿಗಳಿಗೆ ಪಠ್ಯವಾಗಿತ್ತು.

ತೊಮಾಸ್ ಐರಿಷ್ ಓದುಬರಹವನ್ನು ಕಲಿತ ಬಗೆಯನ್ನು ಮಕ್ಕಳಿಗೆ ಹೇಳಬೇಕು. 1831ರಲ್ಲಿ ಐರ್ಲೆಂಡಿನಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದವು. ಅಂತಹ ಶಾಲೆಯಲ್ಲಿ ಕಲಿತ ತೊಮಾಸ್‌ಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು. ದಿನವಿಡೀ ಆಡುವ ಭಾಷೆಯ ಅಕ್ಷರ ಗೊತ್ತಿರಲಿಲ್ಲ. ಹವೆ ಕೆಟ್ಟಾಗ ದ್ವೀಪಕ್ಕೆ ಮರಳಲಾಗದೆ ಅವರು ಎದುರುದಡದ ಡೂನ್ ಖೀನ್ ಹಳ್ಳಿಯ ಮನೆಯೊಂದರಲ್ಲಿ ತಂಗುತ್ತಿದ್ದರು. ಅಷ್ಟರಲ್ಲಿ ಆ ಹಳ್ಳಿಯ ಶಾಲೆಯಲ್ಲಿ ಐರಿಷ್ ಕಲಿಸತೊಡಗಿದ್ದರು. ಮನೆಯ ಮಕ್ಕಳು ಪುಸ್ತಕ ತೆರೆದು ಅವರಿಗೆ ಕಥೆ ಓದಿ ಹೇಳಿದರು, ಕಠಿಣವಾದ ಅಕ್ಷರಗಳನ್ನು ತೋರಿಸಿಕೊಟ್ಟರು. ನಡುವಯಸ್ಸಿನ ಬೆಸ್ತ ಶಾಲೆಯ ಮಕ್ಕಳಿಂದ ತನ್ನ ಭಾಷೆಯ ಲಿಪಿಯನ್ನು ಕಲಿತು, ಮುಂದೆ ಆ ಭಾಷೆಯ ಶ್ರೇಷ್ಠ ಗ್ರಂಥಗಳಲ್ಲೊಂದನ್ನು ಬರೆದರು.

ಎರಡು ಶಾಲೆಗಳು

ಬಸ್ಸು ಡೂನ್ ಖೀನ್ ತಲಪುತ್ತದೆ. ಇಂಗ್ಲಿಷಿನಲ್ಲಿ ಡನ್‌ಕ್ವಿನ್. ಸುರುಳಿಸುರುಳಿಯಾಗಿ ಸಮುದ್ರಕ್ಕಿಳಿಯುವ ಇಲ್ಲಿಯ ಧಕ್ಕೆಯ ಹಾದಿಯನ್ನು ಎಲ್ಲರೂ ಚಿತ್ರ ತೆಗೆಯುತ್ತಾರೆ. ಇದೇ ಸೀಮೆಯಲ್ಲಿ 1969ರಲ್ಲಿ ಡೇವಿಡ್ ಲೀನ್ ಅವರ ‘ರಯಾನ್ಸ್ ಡಾಟರ್’ ಚಲನಚಿತ್ರದ ಚಿತ್ರೀಕರಣ ನಡೆಯಿತು. ಕಥೆಯಲ್ಲಿ ನಾಯಕಿಯ ಗಂಡ ಶಾಲಾ ಉಪಾಧ್ಯಾಯ. ಅವನಿಗಾಗಿ ಒಂದು ಶಾಲೆಯನ್ನೇ ಕಟ್ಟಿಸಿದ್ದರು. ಆ ಕಟ್ಟಡದ ಮಾಡು ಹಾರಿಹೋಗಿದೆ, ಗೋಡೆಗಳು ಕಡಲತೀರದಲ್ಲಿ ಇನ್ನೂ ನಿಂತಿವೆ.

ಚಿತ್ರ ತೆರೆಗೆ ಬಂದ 1970ರಲ್ಲಿಯೇ ಊರಿನ ನಿಜವಾದ ಶಾಲೆಗೆ ಸಂಕಟ ಬಂತು. ಮಕ್ಕಳ ಸಂಖ್ಯೆ ಕಡಮೆಯಾಯಿತೆಂಬ ಕಾರಣದಿಂದ ಶಿಕ್ಷಣ ಇಲಾಖೆ ಡೂನ್ ಖೀನ್ ಶಾಲೆಯನ್ನು ಮುಚ್ಚಿ, ನೆರೆಯ ಊರಿನ ಶಾಲೆಯೊಂದಿಗೆ ವಿಲೀನಗೊಳಿಸಲು ತೀರ್ಮಾನಿಸಿತು. ಕಡತದಲ್ಲಿ ಅದು ನೂರಾರು ಸಣ್ಣ ಶಾಲೆಗಳ ಪೈಕಿ ಒಂದು. ಊರಿನವರಿಗೆ ಮಾತ್ರ ಎದುರಿನ ದ್ವೀಪದ ಉದಾಹರಣೆ ಕಣ್ಣಮುಂದೆಯೇ ಇತ್ತು. ಅವರು ಸುಮ್ಮನಿರಲಿಲ್ಲ. ಸರಕಾರ ಮುಚ್ಚಿದ ಶಾಲೆಯನ್ನು ತಾವೇ ನಡೆಸಿದರು, ಕಲಿಸಲು ಸ್ವಯಂಸೇವಕರು ಮುಂದೆ ಬಂದರು. ರಾಜಧಾನಿ ಡಬ್ಲಿನ್‌ವರೆಗೆ ಪ್ರತಿಭಟನೆಯ ಮೆರವಣಿಗೆ ಹೋಯಿತು. 1973ರಲ್ಲಿ ಸರಕಾರ ಬದಲಾಯಿತು, ಶಾಲೆಗೆ ಮತ್ತೆ ಮಾನ್ಯತೆ ದೊರೆಯಿತು. ಮಕ್ಕಳ ಸಂಖ್ಯೆ ಎಂದೂ ದೊಡ್ಡದಾಗದಿದ್ದರೂ ಶಾಲೆ ಉಳಿಯಿತು.

ಬಸ್ಸುಗಳು ಬಹುಮಟ್ಟಿಗೆ ಆ ಶಾಲೆಯ ಮುಂದೆ ನಿಲ್ಲುವುದಿಲ್ಲ. 1993ರಲ್ಲಿ ತೆರೆದ ಬ್ಲಾಸ್ಕೆಟ್ ಕೇಂದ್ರದ ಮುಂದೆ ನಿಲ್ಲುತ್ತವೆ. ದ್ವೀಪದವರ ಬದುಕು, ಬರಹ, ವಲಸೆ ಎಲ್ಲವನ್ನೂ ಅಲ್ಲಿ ಕಾಣಬಹುದು. ಅಲ್ಲಿಂದ ಮುಂದೆ ಗ್ಯಾಲರಸ್ ಎಂಬಲ್ಲಿ ಮಗುಚಿಟ್ಟ ದೋಣಿಯಂತೆ ಕಾಣುವ ಪ್ರಾಚೀನ ಕಲ್ಲಿನ ಪ್ರಾರ್ಥನಾ ಮಂದಿರ. ಸುತ್ತಮುತ್ತ ಓಘಂ ಲಿಪಿಯ ಶಾಸನಗಳೂ ಇವೆ. ಕಲ್ಲಿನ ಅಂಚಿನಲ್ಲಿ ಗೀರುಗಳಾಗಿ ಕೊರೆದ ಈ ಲಿಪಿಯೇ ಐರಿಷ್ ಬರವಣಿಗೆಯ ಅತಿ ಪ್ರಾಚೀನ ರೂಪ. ಅದರ ಕಾಲ ಸ್ಥೂಲವಾಗಿ ನಮ್ಮ ಹಲ್ಮಿಡಿ ಶಾಸನದ ಕಾಲವೇ.

ಮರಳುವ ದಾರಿಯಲ್ಲಿ

ಸಂಜೆ ಬಸ್ಸು ಕಿಲಾರ್ನಿಗೆ ಮರಳುವಾಗ ಕೆಲವು ಲೆಕ್ಕಗಳನ್ನು ನೆನೆಯಬಹುದು. ಐರ್ಲೆಂಡಿನ 1937ರ ಸಂವಿಧಾನದ 8ನೆಯ ವಿಧಿಯಂತೆ ಐರಿಷ್ ಆ ದೇಶದ ಪ್ರಥಮ ಅಧಿಕೃತ ಭಾಷೆ. 2007ರಿಂದ ಅದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯೂ ಹೌದು. 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದು ಹೇಳಿದವರು 18 ಲಕ್ಷಕ್ಕೂ ಹೆಚ್ಚು. ಆದರೆ ಶಾಲೆಯ ಹೊರಗೆ ಪ್ರತಿದಿನ ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ. ಸಂವಿಧಾನದ ಪ್ರಥಮ ಸ್ಥಾನ ಮತ್ತು ಪಠ್ಯಕ್ರಮದ ಬೆಂಬಲ ಎರಡೂ ಇದ್ದು ಸಂಖ್ಯೆ ಇಷ್ಟಕ್ಕೆ ನಿಂತಿದೆ. ಉಳಿದಿರುವುದು ಎಲ್ಲಿ ಎಂದು ಹುಡುಕಿದರೆ, ಮನೆಯಲ್ಲಿ ಆಡಿದ ಭಾಷೆಯಲ್ಲಿಯೇ ಶಾಲೆಯೂ ನಡೆಯುವ ಡೂನ್ ಖೀನಿನಂತಹ ಹಳ್ಳಿಗಳ ಕಡೆಗೆ ಬರಬೇಕಾಗುತ್ತದೆ.

ಗಡಿನಾಡಿನ ಕನ್ನಡಿಗರ ಸ್ಥಿತಿ ಬೇರೆ. ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯಾಚೆ ಕೋಟಿಗಟ್ಟಲೆ ಕನ್ನಡಿಗರು ಇದ್ದಾರೆ. ಐರಿಷ್ ಭಾಷಿಕರಿಗೆ ಅಂತಹ ಹಿನ್ನೆಲೆಯಿಲ್ಲ. ಆದರೂ ಒಂದು ವಿಷಯದಲ್ಲಿ ಎರಡು ಸೀಮೆಗಳಿಗೂ ವ್ಯತ್ಯಾಸವಿಲ್ಲ. ಮಕ್ಕಳ ಸಂಖ್ಯೆ ಕಡಮೆಯೆಂಬ ಟಿಪ್ಪಣಿ ಶಾಲೆಯ ಕಡತದಲ್ಲಿ ಬಿದ್ದ ದಿನ ಅದಕ್ಕೆ ಉತ್ತರ ಬರೆಯಬೇಕಾದವರು ಆ ಊರಿನ ತಂದೆತಾಯಿಗಳೇ. ಡೂನ್ ಖೀನಿನವರು ಮೂರು ವರ್ಷ ಶಾಲೆಯ ಬಾಗಿಲನ್ನು ತೆರೆದಿಟ್ಟು ಆ ಉತ್ತರವನ್ನು ಬರೆದರು.

ಐರ್ಲೆಂಡಿನ ಪ್ರವಾಸ ಎಲ್ಲರಿಗೂ ಒದಗುವಂತಹುದಲ್ಲ. ಎಂದಾದರೂ ಒದಗಿದವರು ಸ್ಲೇ ಹೆಡ್ ಬಸ್ಸಿನಲ್ಲಿ ಎಡಬದಿಯ ಆಸನವನ್ನೇ ಹಿಡಿಯಲಿ, ಸಮುದ್ರವನ್ನು ಕಣ್ತುಂಬ ನೋಡಲಿ. ಡೂನ್ ಖೀನಿನಲ್ಲಿ ಮಾತ್ರ ಮಾರ್ಗದರ್ಶಿಯು ಚಲನಚಿತ್ರದ ಶಾಲೆಯತ್ತ ಕೈತೋರಿಸಿದಾಗ, ಊರಿನ ಶಾಲೆ ಎಲ್ಲಿದೆಯೆಂದು ಒಂದು ಮಾತು ಕೇಳಲಿ.